ರೆಫರ್ ಚೀಟಿಯಲ್ಲಿ ಸುಟ್ಟ ಹೊತ್ತನ್ನೂ ಬರೆಸಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ಸುಟ್ಟಗಾಯದ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು ನಾನು. ಈಗ ನಿವೃತ್ತಳು, ನೋಟೀಸಿನ ಭಯವಿಲ್ಲ. ಅದಕ್ಕೇ ಈ ಪತ್ರ.

ದೀಪಾವಳಿ ಬಂತೆಂದರೆ ಪಟಾಕಿ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ. ಒಳ್ಳೆಯದೇ. ಆದರೆ ಐದು ವರ್ಷದೊಳಗಿನ ಮಕ್ಕಳನ್ನು ಹೆಚ್ಚಾಗಿ ಸುಡುವುದು ಪಟಾಕಿಯಲ್ಲ, ಬಿಸಿ ನೀರು. ನೆಲದ ಮೇಲಿಟ್ಟ ಸಾರಿನ ಪಾತ್ರೆ, ಬಚ್ಚಲಿಗೆ ಒಯ್ಯುತ್ತಿದ್ದ ಕುದಿನೀರಿನ ಬಕೆಟ್ಟು, ಕೂಸು ಕೈಚಾಚಿ ಎಳೆದುಕೊಂಡ ಚಹಾ ಲೋಟ. ಇವಕ್ಕೆ ಹಬ್ಬ ಹುಣ್ಣಿಮೆ ಅಂತೇನಿಲ್ಲ.

ಹದಿನೈದು ತಿಂಗಳ ಒಂದು ಹೆಣ್ಣುಕೂಸು ಇನ್ನೂ ಕಣ್ಣ ಮುಂದಿದೆ. ಬೆಳಿಗ್ಗೆ 7ಕ್ಕೆ ಮೈಮೇಲೆ ಕುದಿನೀರು. ತಾಲ್ಲೂಕು ಆಸ್ಪತ್ರೆ ಹಾದು ನಮ್ಮಲ್ಲಿಗೆ ಬಂದಾಗ 11 ಗಂಟೆ. ಎದೆಯ ಮೇಲೆ ಟೂತ್‌ಪೇಸ್ಟ್ ಒಣಗಿ ಹಕ್ಕಳೆಗಟ್ಟಿತ್ತು. ಸಲೈನಿನಲ್ಲಿ ನೆನೆಸಿ ನೆನೆಸಿ ಬಿಡಿಸಿದೆವು. ಕೂಸು ಅಳುತ್ತಿರಲಿಲ್ಲ. ಅಳುವ ಮಗು ಬಂದರೆ ನಮಗೆ ಧೈರ್ಯ, ಸುಮ್ಮನೆ ಮಲಗಿರುವ ಮಗುವೆಂದರೇ ಭಯ. ತಾಲ್ಲೂಕು ಆಸ್ಪತ್ರೆ ಕೊಟ್ಟು ಕಳಿಸಿದ, ತಂದೆಯ ಜೇಬಿನಲ್ಲಿದ್ದ ರೆಫರ್ ಚೀಟಿಯಲ್ಲಿ 'ಬರ್ನ್ಸ್, ರೆಫರ್ಡ್' ಎಂದಷ್ಟೇ ಇತ್ತು. ತೂಕವಿಲ್ಲ, ಮೈಯ ಎಷ್ಟು ಭಾಗ ಅಂತಿಲ್ಲ, ಎಷ್ಟು ಹೊತ್ತಿಗೆ ಸುಟ್ಟಿತು ಅಂತಲೂ ಇಲ್ಲ. ಡ್ರಿಪ್ ಹಾಕಿರಲಿಲ್ಲ.

ಲೆಕ್ಕ ನೋಡಿ ಸ್ವಾಮಿ. 10 ಕೆ.ಜಿ. ತೂಗುವ ಮಗುವಿಗೆ ಶೇ 20ರಷ್ಟು ಸುಟ್ಟಿದ್ದರೆ, ಕೆ.ಜಿ.ಗೆ, ಪ್ರತಿ ಶೇಕಡಾಕ್ಕೆ 3 ಮಿ.ಲೀ.ನಂತೆ ಮೊದಲ 24 ಗಂಟೆಗೆ 600 ಮಿ.ಲೀ. ರಿಂಗರ್ ಲ್ಯಾಕ್ಟೇಟ್ (ಡ್ರಿಪ್‌ನಲ್ಲಿ ಕೊಡುವ ಲವಣದ ದ್ರವ) ಬೇಕು, ಸುಟ್ಟ ಮೈ ಕಳೆದುಕೊಳ್ಳುವ ನೀರು ತುಂಬಲು. ದಿನನಿತ್ಯ ಬೇಕಾದ ಗ್ಲೂಕೋಸ್ ದ್ರವ ಬೇರೆ. ಆ 600ರಲ್ಲಿ ಅರ್ಧ ಮೊದಲ 8 ಗಂಟೆಯಲ್ಲೇ ಹೋಗಬೇಕು, ಮತ್ತು ಆ 8 ಗಂಟೆ ಶುರುವಾಗುವುದು ನಮ್ಮ ವಾರ್ಡಿನ ಬಾಗಿಲಲ್ಲಿ ಅಲ್ಲ, ನೀರು ಬಿದ್ದ ಕ್ಷಣದಿಂದ. ಅಂದರೆ 11ಕ್ಕೆ ಬಂದ ಕೂಸಿಗೆ 300 ಮಿ.ಲೀ. ಕೊಡಲು ಉಳಿದದ್ದು ನಾಲ್ಕೇ ಗಂಟೆ. ಸುಟ್ಟ ಹೊತ್ತೇ ಗೊತ್ತಿಲ್ಲದಿದ್ದರೆ ಈ ಲೆಕ್ಕ ಹಾಕುವುದು ಹೇಗೆ?

ಆ ಕೂಸು ಉಳಿಯಿತು. ಹಾಗೆ ಬಂದ ಎಲ್ಲವೂ ಉಳಿಯಲಿಲ್ಲ.

ಕಳಿಸಿದ ಡಾಕ್ಟರನ್ನು ನಾನು ದೂರುವುದಿಲ್ಲ. ಮೈ ಕುಗ್ಗಿದ ಕೂಸಿನ ಕೈಯಲ್ಲಿ ನರ ಸಿಗುವುದು ಸುಲಭವಲ್ಲ. ಸಿಗದಿದ್ದರೆ ಮೊಣಕಾಲ ಕೆಳಗಿನ ಮೂಳೆಗೇ ಸೂಜಿ ಹಾಕಿ ದ್ರವ ಕೊಡಬಹುದು. ಅದನ್ನು ಕಲಿಸಬೇಕು, ಸೂಜಿಯೂ ಇರಬೇಕು. ಅಳತೆಯಲ್ಲೂ ತಪ್ಪಾಗುತ್ತದೆ. ದೊಡ್ಡವರ ತಲೆ ಮೈಯ ಶೇ 9 ಆದರೆ ವರ್ಷದ ಕೂಸಿನದು ಸುಮಾರು 18. ಬೆರಳೂ ಸೇರಿ ಒಂದು ಅಂಗೈ ಅಂದರೆ ಶೇ 1, ಆದರೆ ಅದು ಮಗುವಿನ ಅಂಗೈ. ಡಾಕ್ಟರು ತಮ್ಮ ಕೈಯಿಟ್ಟು ಅಳೆಯುವುದನ್ನೂ ನೋಡಿದ್ದೇನೆ!

ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಮಹಾಬೋಧಿ ಸುಟ್ಟಗಾಯ ಕೇಂದ್ರ ಇದೆಯಲ್ಲ ಅನ್ನುತ್ತೀರಿ. ಇದೆ. ಬೀದರಿನಿಂದ ಅದು 600 ಕಿಲೋಮೀಟರಿಗೂ ದೂರ. ಅಂಥ ಕೇಂದ್ರಗಳು ಇನ್ನಷ್ಟು ಬೇಕು, ಆದರೆ ಕಟ್ಟಡ ಏಳುವ ತನಕ ಕಾಯಲಾಗದ ಕೆಲಸ ತಾಲ್ಲೂಕು ಆಸ್ಪತ್ರೆಯದು. ಗಾಯಕ್ಕೆ 20 ನಿಮಿಷ ಹರಿಯುವ ತಣ್ಣೀರು (ಐಸ್ ಬೇಡ, ಉಳಿದ ಮೈ ಬೆಚ್ಚಗಿರಲಿ). ಸುಟ್ಟು ಮೂರು ಗಂಟೆಯೊಳಗಾದರೆ ಇದರಿಂದ ಉಪಯೋಗವಿದೆ. ತೂಕ ನೋಡಿ, ನೋವಿಗೆ ಔಷಧ ಕೊಟ್ಟು, ಶೇ 10 ದಾಟಿದ್ದರೆ ಡ್ರಿಪ್ ಹಾಕಿಯೇ 108 ಹತ್ತಿಸಬೇಕು. ಮೊದಲ ತಣ್ಣೀರಿನ ಮಾತು ಆಶಾ, ಅಂಗನವಾಡಿ ಕಾರ್ಯಕರ್ತೆಯರ ಬಾಯಲ್ಲೂ ಬರಲಿ. ಪೇಸ್ಟು, ಇಂಕು, ದೋಸೆಹಿಟ್ಟು ಮೆತ್ತುವುದು ಆಗಲಾದರೂ ಕಡಿಮೆಯಾದೀತು.

ಇದರಲ್ಲಿ ಕೆಲವಕ್ಕೆ ತರಬೇತಿ ಬೇಕು, ಕೆಲವಕ್ಕೆ ದುಡ್ಡು. ಚೀಟಿಗೆ ನಿಮ್ಮದೊಂದು ಸುತ್ತೋಲೆ ಸಾಕು: ಸುಟ್ಟ ಹೊತ್ತು, ಮಗುವಿನ ತೂಕ, ಸುಟ್ಟ ಭಾಗ, ಈವರೆಗೆ ಕೊಟ್ಟ ದ್ರವ. ನಾಲ್ಕು ಗೆರೆ. ಈ ತಿಂಗಳೇ ಹೊರಡಿಸಿ.

ಇಂತಿ,
ಒಬ್ಬ ನಿವೃತ್ತ ಸ್ಟಾಫ್ ನರ್ಸ್