ಭಾನುವಾರ ಏಡಿ ಕಾದಂಬರಿ, ಎಲ್ಲರೂ ಬನ್ನಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ವಿಡಿಯೊ ಕಾಲ್‌ನಲ್ಲಿ ಸೇರೋಣ. ಪುಸ್ತಕ ಗೈ ಎನ್. ಸ್ಮಿತ್ ಬರೆದ ‘ನೈಟ್ ಆಫ್ ದ ಕ್ರ್ಯಾಬ್ಸ್’, 1976ರದ್ದು. ವೇಲ್ಸ್ ಕಡಲತೀರಕ್ಕೆ ದೈತ್ಯ ಏಡಿಗಳು ನುಗ್ಗುತ್ತವೆ, ಸೈನ್ಯದ ಗುಂಡಿಗೂ ಜಗ್ಗುವುದಿಲ್ಲ, ಆದರೆ ಬರುವ ಮುಂಚೆ ಕ್ಲಿಕ್ ಕ್ಲಿಕ್ ಅಂತ ಸದ್ದು ಮಾಡಿ ತಾವೇ ಸುಳಿವು ಕೊಡುತ್ತವೆ, ಇನ್ನು ಇವುಗಳ ಎದುರು ನಿಲ್ಲುವವನು ಯಾರಪ್ಪಾ ಅಂದ್ರೆ ಪೈಪ್ ಸೇದುವ ಒಬ್ಬ ಸಸ್ಯಶಾಸ್ತ್ರದ ಪ್ರೊಫೆಸರ್! ಲೇಖಕರಿಗೂ ಪೈಪ್ ಹುಚ್ಚು ಜಾಸ್ತಿ ಇತ್ತು, ಓದಿದರೆ ಗೊತ್ತಾಗುತ್ತೆ. ಇದು ಎಷ್ಟು ಓಡಿತು ಅಂದ್ರೆ ಆಮೇಲೆ ಇನ್ನಷ್ಟು ಏಡಿ ಕಾದಂಬರಿಗಳೇ ಬಂದವು.

ಪೂರ್ತಿ ಮುಗಿಸಲೇಬೇಕು ಅಂತೇನಿಲ್ಲ. ನಿಮಗೆ ಅತಿ ಬಾಲಿಶ ಅನ್ನಿಸಿದ ಒಂದು ಪ್ಯಾರಾ ಗುರುತು ಮಾಡಿಟ್ಟುಕೊಳ್ಳಿ, ಅದನ್ನು ನಗದೆ ಗಟ್ಟಿಯಾಗಿ ಓದಬೇಕು. ರಕ್ತಪಾತ, ದೊಡ್ಡವರ ದೃಶ್ಯ ಎರಡೂ ಇವೆ, ಮಕ್ಕಳು ಪಕ್ಕದಲ್ಲಿದ್ದರೆ ಇಯರ್‌ಫೋನ್ ಹಾಕಿಕೊಳ್ಳಿ. ಕಳ್ಳ ಪಿಡಿಎಫ್ ಇಲ್ಲಿ ಹಾಕಬೇಡಿ. ಏಡಿಗಳು ಹೇಗೆ ಸಾಯುತ್ತವೆ ಅಂತ ಈಗಲೇ ಹೇಳಲೂಬೇಡಿ.

“ಇಂಥ ಕಸ ಯಾಕೆ” ಅನ್ನುವವರಿಗೆ: ಗಂಭೀರ ಪುಸ್ತಕ ಮುಂದಿನ ತಿಂಗಳು ಇದ್ದೇ ಇದೆ, ಅಲ್ವಾ? ಬರುವವರು ಶುಕ್ರವಾರದೊಳಗೆ ಏಡಿ ಇಮೋಜಿ ಒತ್ತಿ, ಲಿಂಕ್ ಕಳಿಸುತ್ತೇನೆ.