ಬೆಳಗಿನ ಪ್ರಾರ್ಥನೆಯ ‘ದಿನದ ವಿಶೇಷ’ ಕುರಿತು ಪಾಲಕರಿಗೆ ಪತ್ರ

ಕಲಬುರಗಿ
ಸೆಪ್ಟೆಂಬರ್ 22

ಎಲ್ಲ ಪಾಲಕರಿಗೂ ನಮಸ್ಕಾರ.

ಸೆಪ್ಟೆಂಬರ್ 17ರಂದು ಧ್ವಜಾರೋಹಣ ಆದ ಮೇಲೆ ಏಳನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ಆ ದಿನಾಂಕದ ಮುಖ್ಯ ಸಂಗತಿಗಳನ್ನು ತಿಳಿಸುವ ‘ದಿನದ ವಿಶೇಷ’ ಓದುತ್ತಿದ್ದಳು. ಶಿಕ್ಷಕರು ನಡುವೆ ತಡೆದು ಒಂದು ಸಾಲನ್ನು ತಿದ್ದಿದರು. ಮಗು ಮನೆಗೆ ಹೋಗಿ ಅತ್ತಿದೆ. ಆಕೆಯ ತಂದೆ ತಾಯಿ ಶಾಲೆಗೆ ಬಂದು ಮಾತಾಡಿದರು, ಇನ್ನೂ ಕೆಲವರು ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಬರೆದಿದ್ದೀರಿ. ಮೈಕಿನ ಮುಂದೆ ನಿಂತ ಮಗುವನ್ನು ಹಾಗೆ ತಡೆಯಬಾರದಿತ್ತು. ಆ ಹಾಳೆಯನ್ನು ಹಿಂದಿನ ದಿನವೇ ನೋಡಿ ತಿದ್ದಿಸಬೇಕಾಗಿದ್ದು ನಾವು. ಅದು ಶಾಲೆಯ ತಪ್ಪು, ಮಗುವಿನದಲ್ಲ. ಮರುದಿನ ಅದೇ ಹುಡುಗಿ ಅದೇ ವೇದಿಕೆಯ ಮೇಲೆ ತಿದ್ದಿದ ಹಾಳೆಯನ್ನು ಪೂರ್ತಿ ಓದಿದಳು, ಚೆನ್ನಾಗಿಯೇ ಓದಿದಳು.

ಆದರೆ ತಿದ್ದಿದ್ದು ಸರಿಯೋ ತಪ್ಪೋ ಎಂಬ ಪ್ರಶ್ನೆ ಬೇರೆ. ಆಕೆಯ ಹಾಳೆಯಲ್ಲಿದ್ದ ಸಾಲು ಹೀಗಿತ್ತು: “1948ರ ಸೆಪ್ಟೆಂಬರ್ 17ರಂದು ನಮ್ಮ ಏಳು ಜಿಲ್ಲೆಗಳು ನಿಜಾಮನ ಆಳ್ವಿಕೆಯಿಂದ ಬಿಡುಗಡೆಯಾಗಿ ಕರ್ನಾಟಕಕ್ಕೆ ಸೇರಿದವು.” ಪ್ರತಿ ವರ್ಷ ಈ ಸಾಲು ಮೊಬೈಲಿಂದ ಮೊಬೈಲಿಗೆ ಹರಿದಾಡುತ್ತದೆ, ದೊಡ್ಡವರ ಭಾಷಣದಲ್ಲೂ ಕೇಳಿಬರುತ್ತದೆ. ಇದರೊಳಗೆ ಎರಡು ತಪ್ಪುಗಳಿವೆ. ಆಗ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕನ್ನಡ ಜಿಲ್ಲೆಗಳು ಮೂರೇ: ಬೀದರ್, ಗುಲಬರ್ಗಾ, ರಾಯಚೂರು. ಕೊಪ್ಪಳವನ್ನು ರಾಯಚೂರಿನಿಂದ ಬೇರ್ಪಡಿಸಿದ್ದು 1997ರಲ್ಲಿ. ಯಾದಗಿರಿ ನಮ್ಮದೇ ಜಿಲ್ಲೆಯ ತಾಲ್ಲೂಕಾಗಿತ್ತು, ಅದು ಜಿಲ್ಲೆಯಾದದ್ದು 2009ರ ಡಿಸೆಂಬರ್ ಕೊನೆಗೆ. ಬಳ್ಳಾರಿ ಆಗ ನಿಜಾಮನ ಕೈಯಲ್ಲಿ ಇರಲೇ ಇಲ್ಲ. ಅದು ಮದ್ರಾಸ್ ಪ್ರಾಂತ್ಯದಲ್ಲಿದ್ದು 1953ರಲ್ಲಿ ಮೈಸೂರಿಗೆ ಸೇರಿತು. ವಿಜಯನಗರ ಜಿಲ್ಲೆ 2021ರದ್ದು. ಏಳು ಜಿಲ್ಲೆಗಳ ಲೆಕ್ಕ ಇಂದಿನ ಕಲ್ಯಾಣ ಕರ್ನಾಟಕದ್ದು, 1948ರದ್ದಲ್ಲ. ಇನ್ನು ಎರಡನೆಯದು: ಅಂದು ನಾವು ಸೇರಿದ್ದು ಭಾರತ ಒಕ್ಕೂಟಕ್ಕೆ. ಆಮೇಲೂ ಎಂಟು ವರ್ಷ ಹೈದರಾಬಾದ್ ರಾಜ್ಯದಲ್ಲೇ ಇದ್ದೆವು. ಕನ್ನಡಿಗರೆಲ್ಲ ಒಂದೇ ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು, ಆಗಲೂ ಅದರ ಹೆಸರು ಮೈಸೂರು. ‘ಕರ್ನಾಟಕ’ ಎಂಬ ಹೆಸರು ಬಂದದ್ದು 1973ರಲ್ಲಿ.

“ಒಂದು ಸಾಲಿಗೆ ಇಷ್ಟು ಯಾಕೆ ಸರ್, ಚಿಕ್ಕ ಮಕ್ಕಳಲ್ಲವೇ” ಎಂದು ಕೇಳಿದ್ದೀರಿ. ನಿಮ್ಮ ಬೇಸರ ಅರ್ಥವಾಗುತ್ತದೆ. ಮನೆಯಲ್ಲಿ ಹೇಳಿದ ಮಾತನ್ನು ಮಗು ಒಮ್ಮೊಮ್ಮೆ ಮರೆಯಬಹುದು, ಆದರೆ ಪ್ರಾರ್ಥನೆಯಲ್ಲಿ ಮೈಕಿನಿಂದ ಬಂದ ಮಾತನ್ನು ಎದುರಿಗೆ ಸಾಲಾಗಿ ನಿಂತ ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲೂ ಅದನ್ನೇ ಬರೆಯುತ್ತಾರೆ. ಹತ್ತನೇ ತರಗತಿಯ ಉತ್ತರಪತ್ರಿಕೆಗಳಲ್ಲಿ ‘1948ರಲ್ಲಿ ಕರ್ನಾಟಕ ಏಕೀಕರಣ’ ಎಂಬ ಉತ್ತರ ಪ್ರತಿ ವರ್ಷ ಸಿಗುತ್ತದೆ. ಅದನ್ನು ತಿದ್ದಲು ಇತಿಹಾಸದ ಶಿಕ್ಷಕರಿಗೆ ಎರಡು ಪಿರಿಯಡ್ ಬೇಕಾಗುತ್ತದೆ.

ಆದ್ದರಿಂದ ಅಕ್ಟೋಬರ್‌ನಿಂದ ಹೊಸ ನಿಯಮ. ‘ದಿನದ ವಿಶೇಷ’ದಲ್ಲಿ ಓದುವ ಪ್ರತಿ ಸಂಗತಿಗೂ ಎರಡು ಆಧಾರ ಬೇಕು, ಅದರಲ್ಲಿ ಒಂದಾದರೂ ಅಚ್ಚಾದದ್ದು ಇರಬೇಕು. ಹೆಚ್ಚು ಆಕ್ಷೇಪ ಬಂದದ್ದು ಇದಕ್ಕೇ. ಮನೆಯಲ್ಲಿ ಪುಸ್ತಕ ಎಲ್ಲಿ ಸಿಗುತ್ತದೆ, ಮೊಬೈಲಲ್ಲಿ ಎಲ್ಲ ಇದೆಯಲ್ಲ ಎಂದಿದ್ದೀರಿ. ಮೊಬೈಲ್ ಬೇಡ ಎಂದು ನಾವು ಹೇಳಿಲ್ಲ. ಎರಡರಲ್ಲಿ ಒಂದು ಆಧಾರ ಮೊಬೈಲಿನದ್ದೇ ಆಗಿರಲಿ. ಆದರೆ ಒಂದೇ ಫಾರ್ವರ್ಡ್ ಮೂರು ಗುಂಪುಗಳಿಂದ ಬಂದರೆ ಅದು ಮೂರು ಆಧಾರ ಆಗುವುದಿಲ್ಲ, ಒಂದೇ. ಅಚ್ಚಾದ ಆಧಾರಕ್ಕೆ ಪುಸ್ತಕ ಕೊಳ್ಳುವುದೂ ಬೇಡ. ಶಾಲೆಯ ಸಮಾಜ ವಿಜ್ಞಾನ ಪಠ್ಯ, ಗ್ರಂಥಾಲಯದ ಜಿಲ್ಲಾ ಗ್ಯಾಸೆಟಿಯರ್, ಹಳೆಯ ದಿನಪತ್ರಿಕೆ, ಆಯಾ ವರ್ಷದ ಪಂಚಾಂಗ, ಇವೆಲ್ಲ ನಡೆಯುತ್ತವೆ. ಮಧ್ಯಾಹ್ನದ ಬಿಡುವಿನಲ್ಲಿ ಶಾಲೆಯ ಗ್ರಂಥಾಲಯ ತೆರೆದಿರುತ್ತದೆ. ಸರದಿ ಇರುವ ಮಗುವಿಗೆ ಪುಸ್ತಕ ತೆಗೆದುಕೊಡಲು ಒಬ್ಬ ಶಿಕ್ಷಕಿ ಅಲ್ಲೇ ಇರುತ್ತಾರೆ.

ಎರಡು ಆಧಾರ ಯಾಕೆ ಬೇಕು ಎಂಬುದಕ್ಕೆ ಇದೇ ಸೆಪ್ಟೆಂಬರ್ 17ನ್ನು ತೆಗೆದುಕೊಳ್ಳಿ. ಕೆಲವು ಕಡೆ 17 ಎಂದಿರುತ್ತದೆ, ಕೆಲವು ಕಡೆ 18. ಎರಡೂ ಸರಿ, ಆದರೆ ಬೇರೆ ಬೇರೆ ಸಂಗತಿಗಳಿಗೆ. ಭಾರತೀಯ ಸೇನೆ ಹೈದರಾಬಾದ್ ಸಂಸ್ಥಾನದ ಗಡಿ ದಾಟಿದ್ದು ಸೆಪ್ಟೆಂಬರ್ 13ರಂದು, ‘ಪೊಲೀಸ್ ಕಾರ್ಯಾಚರಣೆ’ ಎನ್ನುವುದು ಇದನ್ನೇ. 17ರ ಸಂಜೆ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕದನ ನಿಲ್ಲಿಸಿದರು. ಅವರ ಸೇನಾಪತಿ ಎಲ್ ಎದ್ರೂಸ್ ಅವರು ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ಮುಂದೆ ಶರಣಾದದ್ದು 18ರಂದು. ‘ಶರಣಾಗತಿ’ ಎಂದು ಬರೆದು 17 ಹಾಕಿದರೂ ತಪ್ಪು, ‘ಕದನ ವಿರಾಮ’ ಎಂದು ಬರೆದು 18 ಹಾಕಿದರೂ ತಪ್ಪು. ಹೀಗಾಗಿ ದಿನಾಂಕದ ಜೊತೆ ಅಂದು ಏನಾಯಿತು ಎಂಬುದನ್ನೂ ಒಂದೇ ಕ್ರಿಯಾಪದದಲ್ಲಿ ಖಚಿತವಾಗಿ ಬರೆಯಲು ಮಕ್ಕಳಿಗೆ ಹೇಳಿದ್ದೇವೆ. ‘ಕಲ್ಯಾಣ ಕರ್ನಾಟಕ’ ಎಂಬ ಹೆಸರೂ ಇದೇ ದಿನಕ್ಕೆ ಸೇರಿದ್ದು, ಆದರೆ ಅದು 2019ರದ್ದು. ಆ ಎರಡು ವರ್ಷಗಳನ್ನು ಬೆರೆಸಬಾರದು.

ಹಬ್ಬಗಳ ದಿನಾಂಕ ಇನ್ನೊಂದು ಬಗೆ. ವಿಶ್ವಕರ್ಮ ಪೂಜೆ ಸೂರ್ಯ ಕನ್ಯಾರಾಶಿಗೆ ಬರುವ ಸಂಕ್ರಮಣದ ದಿನ ಬರುತ್ತದೆ. ಆದ್ದರಿಂದ ಸಾಮಾನ್ಯವಾಗಿ 17, ಕೆಲವು ವರ್ಷ 16. ಬಸವ ಜಯಂತಿ ವೈಶಾಖ ಶುದ್ಧ ತದಿಗೆಗೆ. ನಮ್ಮ ಶರಣಬಸವೇಶ್ವರರ ರಥೋತ್ಸವ ಹೋಳಿ ಹುಣ್ಣಿಮೆಯ ಲೆಕ್ಕಕ್ಕೆ. ಖ್ವಾಜಾ ಬಂದೇ ನವಾಜರ ಉರುಸು ಇಸ್ಲಾಮಿ ಚಾಂದ್ರ ಪಂಚಾಂಗದ ಜಿಲ್ಖಾದ್ ತಿಂಗಳಿಗೆ, ಹಾಗಾಗಿ ಅದು ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರುತ್ತದೆ. ಹೋದ ವರ್ಷದ ಪಟ್ಟಿಯನ್ನೇ ಈ ವರ್ಷ ಓದಿದರೆ ಇವೆಲ್ಲ ತಪ್ಪುತ್ತವೆ. ಮನೆಯ ಗೋಡೆಯಲ್ಲಿ ತೂಗುವ ಈ ವರ್ಷದ ಕ್ಯಾಲೆಂಡರ್ ಇದಕ್ಕೆ ಒಳ್ಳೆಯ ಆಧಾರ, ಉರ್ದು ಕ್ಯಾಲೆಂಡರ್ ಇದ್ದರೆ ಅದನ್ನೂ ನೋಡಲಿ.

ದೇಶ ಬದಲಾದರೆ ದಿನಾಂಕವೂ ಬದಲಾಗುತ್ತದೆ. ರಾಕೆಟ್ ವಿಜ್ಞಾನದ ತ್ಸಿಯೋಲ್ಕೋವ್ಸ್ಕಿ 1857ರ ಸೆಪ್ಟೆಂಬರ್ 17ರಂದು ಹುಟ್ಟಿದರು ಎಂದು ಒಂದು ಕಡೆ, 5ರಂದು ಎಂದು ಇನ್ನೊಂದು ಕಡೆ. ರಷ್ಯಾದ ಹಳೆಯ ಪಂಚಾಂಗ ಆಗ ಹನ್ನೆರಡು ದಿನ ಹಿಂದಿತ್ತು. ಚಂದ್ರನ ಮೇಲೆ ಮನುಷ್ಯ ಇಳಿದದ್ದು 1969ರ ಜುಲೈ 20 ಎಂದು ಓದುತ್ತೇವೆ. ನೌಕೆ ನೆಲ ಮುಟ್ಟಿದಾಗ ನಮ್ಮಲ್ಲಿ 21ರ ನಸುಕಿನ 1 ಗಂಟೆ 47 ನಿಮಿಷ.

ನಮ್ಮ ಭಾಗದ ಹಳೆಯ ಕಾಗದಗಳ ಬಗ್ಗೆ ಒಂದು ಮಾತು. ಹೊಲದ ದಾಖಲೆಗಳಲ್ಲಿ ಫಸಲಿ ವರ್ಷ, ಅಂದರೆ ಹಳೆಯ ಕಂದಾಯ ಲೆಕ್ಕದ ವರ್ಷ ಇರುತ್ತದೆ, ಅದಕ್ಕೆ 590 ಅಥವಾ 591 ಕೂಡಿಸಿದರೆ ಇಸವಿ ಸಿಗುತ್ತದೆ. 1948ರ ಸೆಪ್ಟೆಂಬರ್ ಬರುವುದು ಫಸಲಿ 1357ರಲ್ಲಿ. ಮುತ್ಯಾ, ಆಯಿ ‘ಪೊಲೀಸ್ ಆಕ್ಷನ್ ಆದ ವರ್ಷ’ ಎಂದು ಹೇಳುವುದು ಇದನ್ನೇ. ಅಂಥ ಕಾಗದ ಮನೆಯಲ್ಲಿದ್ದರೆ ಮಗುವಿಗೆ ತೋರಿಸಿ. ಮೂಲ ಕಾಗದ ಶಾಲೆಗೆ ಕಳಿಸಬೇಡಿ, ನಕಲು ಸಾಕು. ಹಿರಿಯರ ನೆನಪನ್ನೂ ಓದಬಹುದು, ‘ನಮ್ಮ ಮುತ್ಯಾ ಹೇಳಿದಂತೆ’ ಎಂದು ಆರಂಭಿಸಿ. ಅದಕ್ಕೆ ಎರಡನೇ ಆಧಾರ ಕೇಳುವುದಿಲ್ಲ. ಆದರೆ ಅದರಲ್ಲಿ ದಿನಾಂಕ ಬಂದರೆ ದಿನಾಂಕವನ್ನು ಮಾತ್ರ ತಾಳೆ ನೋಡುತ್ತೇವೆ.

ಇನ್ನೊಂದು ದೂರು ಸೂಕ್ಷ್ಮವಾದದ್ದು. ಸೆಪ್ಟೆಂಬರ್ 17ನ್ನು ‘ವಿಮೋಚನೆ’ಯ ದಿನ ಎಂದು ಯಾಕೆ ಹೇಳಿಸಲಿಲ್ಲ ಎಂದು ಕೆಲವರು, ಆ ಮಾತೇ ಯಾಕೆ ಬಂತು ಎಂದು ಮತ್ತೆ ಕೆಲವರು ಕೇಳಿದ್ದೀರಿ. ವೇದಿಕೆಯಲ್ಲಿ ನಾವು ಸರ್ಕಾರ ಇಟ್ಟ ಹೆಸರನ್ನೇ ಬಳಸುತ್ತೇವೆ: ಕಲ್ಯಾಣ ಕರ್ನಾಟಕ ಉತ್ಸವ ದಿನ. ನಿಜಾಮನ ಆಳ್ವಿಕೆಯ ವಿರುದ್ಧ ಸ್ವಾಮಿ ರಮಾನಂದ ತೀರ್ಥರು ನಡೆಸಿದ ಹೋರಾಟವಿರಲಿ, ಸರದಾರ ಶರಣಗೌಡ ಇನಾಮದಾರರ ಧೈರ್ಯವಿರಲಿ, 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ನಿಜಾಮನ ಪರವಾಗಿದ್ದ ಖಾಸಗಿ ಪಡೆಯಾದ ರಜಾಕಾರರು ನಡೆಸಿದ ಕೊಲೆಗಳಿರಲಿ, ಯಾವುದನ್ನೂ ಮುಚ್ಚಿಡುವುದಿಲ್ಲ. ಪೊಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಂ ಕುಟುಂಬಗಳು ಅನುಭವಿಸಿದ್ದನ್ನೂ ಮುಚ್ಚಿಡುವುದಿಲ್ಲ. ಅದನ್ನು ವಿಚಾರಿಸಲು ಕೇಂದ್ರ ಸರ್ಕಾರವೇ ಪಂಡಿತ್ ಸುಂದರಲಾಲ್ ಸಮಿತಿಯನ್ನು ಕಳಿಸಿತ್ತು. ಇವು ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ಸಂಗತಿಗಳಲ್ಲ, ಎದುರಿಗೆ ಒಂದನೇ ತರಗತಿಯ ಮಕ್ಕಳೂ ನಿಂತಿರುತ್ತಾರೆ. ಒಂಬತ್ತು ಮತ್ತು ಹತ್ತನೇ ತರಗತಿಯ ಇತಿಹಾಸದ ಪಿರಿಯಡ್‌ನಲ್ಲಿ ಶಿಕ್ಷಕರು ಕೂತು ಹೇಳುತ್ತಾರೆ, ಮಕ್ಕಳು ಪ್ರಶ್ನೆ ಕೇಳುತ್ತಾರೆ. ನಮ್ಮ ಶಾಲೆಯಲ್ಲಿ ಎರಡೂ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಯಾವ ಮಗುವೂ ಆ ದಿನ ತಲೆ ತಗ್ಗಿಸಿ ಮನೆಗೆ ಹೋಗಬಾರದು. ಈ ವಿಷಯದಲ್ಲಿ ನಿಯಮ ಸಡಿಲವಾಗುವುದಿಲ್ಲ.

ಪಟ್ಟಿ ಯಾಕೆ ಇಷ್ಟು ಚಿಕ್ಕದು ಎಂದೂ ಕೇಳಿದ್ದೀರಿ. ಪ್ರಾರ್ಥನೆಗೆ ಇರುವುದು ಹದಿನೈದು ನಿಮಿಷ. ನಾಡಗೀತೆಗೆ ಎರಡೂವರೆ ನಿಮಿಷ, ರಾಷ್ಟ್ರಗೀತೆಗೆ 52 ಸೆಕೆಂಡು, ಜೊತೆಗೆ ಸಂವಿಧಾನ ಪೀಠಿಕೆ, ಸುದ್ದಿ, ಗಾದೆ. ‘ದಿನದ ವಿಶೇಷ’ಕ್ಕೆ ಉಳಿಯುವುದು ಎರಡು ಮೂರು ನಿಮಿಷ. ಹನ್ನೆರಡು ಸಾಲು ಮೀರಿದರೆ ಮಗು ಉಸಿರು ಹಿಡಿದು ಓಡಿಸುತ್ತದೆ, ಕೇಳುವವರಿಗೆ ಏನೂ ನಿಲ್ಲುವುದಿಲ್ಲ. ಆದ್ದರಿಂದ ಮೂರೇ ಸಂಗತಿ: ನಮ್ಮ ಭಾಗದ್ದು ಒಂದು, ದೇಶದ್ದೋ ಪ್ರಪಂಚದ್ದೋ ಒಂದು, ಆಚರಣೆ ಒಂದು. ಸೆಪ್ಟೆಂಬರ್ 17ಕ್ಕೆ ನಮ್ಮ ಸಂಗತಿಯ ಜೊತೆ 1787ರಲ್ಲಿ ಅಮೆರಿಕದ ಸಂವಿಧಾನಕ್ಕೆ ಸಹಿ ಬಿದ್ದದ್ದನ್ನೋ, 1789ರಲ್ಲಿ ವಿಲಿಯಂ ಹರ್ಷಲ್ ಶನಿಯ ಉಪಗ್ರಹ ಮಿಮಾಸ್ ಕಂಡದ್ದನ್ನೋ, 1879ರಲ್ಲಿ ಪೆರಿಯಾರ್ ಹುಟ್ಟಿದ್ದನ್ನೋ ಓದಬಹುದು. ಆಚರಣೆಗೆ 2019ರಿಂದ ನಡೆಯುತ್ತಿರುವ ವಿಶ್ವ ರೋಗಿ ಸುರಕ್ಷತಾ ದಿನ ಇದೆ. ಈಗ ಅಧಿಕಾರದಲ್ಲಿರುವ ಯಾವ ಪಕ್ಷದ ನಾಯಕರ ಹುಟ್ಟುಹಬ್ಬವನ್ನೂ ಓದಿಸುವುದಿಲ್ಲ, ಅದು ಎಲ್ಲರಿಗೂ ಒಂದೇ ನಿಯಮ. ಮಕ್ಕಳ ಹುಟ್ಟುಹಬ್ಬವನ್ನು ತರಗತಿಯಲ್ಲೇ ಹಾರೈಸುತ್ತೇವೆ.

ಮತ್ತೆ ಅದೇ ಮಾತಿಗೆ ಬರುತ್ತೇನೆ. ಎರಡು ಆಧಾರ ಕೇಳುವುದು ಮಗುವಿನ ಮೇಲೆ ಅನುಮಾನದಿಂದಲ್ಲ. ಮೊದಲ ತಿಂಗಳು ಒಂದೇ ಆಧಾರ ಸಿಕ್ಕರೆ ಹಾಳೆಯನ್ನು ತಿರಸ್ಕರಿಸುವುದಿಲ್ಲ, ಎರಡನೆಯದನ್ನು ಶಿಕ್ಷಕರೇ ಹುಡುಕಿಕೊಡುತ್ತಾರೆ. ಯಾವ ಆಧಾರವೂ ಇಲ್ಲದ ಸಾಲು ಮಾತ್ರ ವೇದಿಕೆಗೆ ಹೋಗುವುದಿಲ್ಲ. ತಿದ್ದುವುದೇನಿದ್ದರೂ ಮುಂಚೆ, ಶಿಕ್ಷಕರ ಕೋಣೆಯಲ್ಲಿ. ಮೈಕಿನ ಮುಂದೆ ಇನ್ನು ಯಾವ ಮಗುವನ್ನೂ ತಡೆಯುವುದಿಲ್ಲ.

ಸರದಿಯ ಪಟ್ಟಿ ಮಗುವಿನ ಡೈರಿಯಲ್ಲಿದೆ. ಮಗು ತನ್ನ ಕೈಯಾರೆ ಬರೆದ ಹಾಳೆಯನ್ನು ನೀವೊಮ್ಮೆ ಓದಿ, ಸಹಿ ಮಾಡಿ, ಎರಡು ದಿನ ಮುಂಚೆ ಕಳಿಸಿಕೊಡಿ.

ನವೆಂಬರ್ 1ರ ಸರದಿ ಎಂಟನೇ ತರಗತಿಯದು. ಆ ದಿನದ ಹಾಳೆ ಅಕ್ಟೋಬರ್ 28ರೊಳಗೆ ಬಂದರೆ ಅನುಕೂಲ, ಹಬ್ಬದ ದಿನ ವೇದಿಕೆಯಲ್ಲಿ ಸಮಯ ಕಡಿಮೆ.

ತಮ್ಮ ವಿಶ್ವಾಸಿ,
ಮುಖ್ಯ ಗುರುಗಳು