ಪ್ರತಿಷ್ಠಾನಗಳ ಲೆಕ್ಕ ಶಾಲೆಗೂ ಸಿಗಲಿ

ಮಾನ್ಯ ಸಂಪಾದಕರೇ,

ಸರ್ಕಾರಿ ಶಾಲೆಗಳಿಗೆ ಸಿಎಸ್‌ಆರ್ ನೆರವು, ಅಂದರೆ ಕಂಪನಿಗಳು ತಮ್ಮ ಸಾಮಾಜಿಕ ಹೊಣೆಗಾರಿಕೆಯಡಿ ನೇರವಾಗಿ ಇಲ್ಲವೇ ಪ್ರತಿಷ್ಠಾನಗಳ ಮೂಲಕ ಕೊಡುವ ನೆರವು, ತರಬೇಕೆಂಬ ಮಾತು ಈಗ ಇಲಾಖೆಯ ಪ್ರತಿ ಸಭೆಯಲ್ಲೂ ಕೇಳಿಬರುತ್ತಿದೆ. ಸೋರುವ ಕೊಠಡಿಯಲ್ಲಿ ಮಕ್ಕಳನ್ನು ಕೂರಿಸುವ ಊರಿನವರು ನೆರವು ಬೇಡವೆನ್ನುವುದಿಲ್ಲ. ಆದರೆ ಬಂದದ್ದೆಷ್ಟು, ಯಾವುದಕ್ಕೆ ಖರ್ಚಾಯಿತು, ಮುಂದೆ ನೋಡಿಕೊಳ್ಳಬೇಕಾದವರು ಯಾರು ಎಂಬ ಲೆಕ್ಕ ಶಾಲೆಯ ಮಟ್ಟದಲ್ಲಿ ಸಿಗುತ್ತಿಲ್ಲ ಎಂಬುದು ಎಸ್‌ಡಿಎಂಸಿಯಲ್ಲಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಕೆಲಸ ಮಾಡಿದ ನನ್ನಂಥವರ ದೂರು.

ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿಯಂತೆ ಶಾಲೆಯೊಂದಕ್ಕೆ ಮಕ್ಕಳ ಸಂಖ್ಯೆಗೆ ಅನುಗುಣವಾಗಿ ವರ್ಷಕ್ಕೆ 10,000 ರೂಪಾಯಿಯಿಂದ 1 ಲಕ್ಷ ರೂಪಾಯಿವರೆಗೆ ಅನುದಾನವಿದೆ. ಅದರಲ್ಲಿ ಒಂದು ಪೊರಕೆ ಕೊಂಡರೂ ರಸೀದಿ ಬೇಕು, ನಗದು ಪುಸ್ತಕದಲ್ಲಿ ನಮೂದಾಗಬೇಕು, ಸಮಿತಿಯ ನಡಾವಳಿಯಲ್ಲಿ ಬರಬೇಕು, ವರ್ಷಾಂತ್ಯಕ್ಕೆ ಹಣಬಳಕೆ ಪ್ರಮಾಣಪತ್ರ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗೆ ಹೋಗಬೇಕು. ಇದು ಸರಿಯಾದ ಕ್ರಮವೇ. ಆದರೆ ನಮ್ಮ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ಪ್ರತಿಷ್ಠಾನವೊಂದು ಕೊಟ್ಟ ಸ್ಮಾರ್ಟ್ ಬೋರ್ಡ್‌ನ ಯುಪಿಎಸ್ ಬ್ಯಾಟರಿ ಕೆಟ್ಟಾಗ, ಆ ಬೋರ್ಡು ದಾಸ್ತಾನು ವಹಿಗೆ ಏರಿಯೇ ಇಲ್ಲವೆಂಬುದು ಗೊತ್ತಾಯಿತು. ಹಸ್ತಾಂತರ ಪತ್ರವಿಲ್ಲ, ಬೆಲೆ ಎಷ್ಟೆಂದು ಗೊತ್ತಿಲ್ಲ. ವಹಿಯಲ್ಲಿಲ್ಲದ ವಸ್ತುವಿನ ರಿಪೇರಿಗೆ ಅನುದಾನ ಬಳಸಲು ಮುಖ್ಯ ಶಿಕ್ಷಕರಿಗೆ ಧೈರ್ಯವಿಲ್ಲ. ದಾನಿಗಳ ಹೆಸರಿನ ಫಲಕ ಮಾತ್ರ ಗೋಡೆಯ ಮೇಲೆ ಭದ್ರವಾಗಿದೆ.

ಕಾನೂನಿನಲ್ಲಿ ಹೊಣೆಗಾರಿಕೆ ಇಲ್ಲವೆಂದಲ್ಲ, ಅದು ಸಾಗುವ ದಿಕ್ಕು ಬೇರೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ನಿಗದಿತ ಮಿತಿ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವಿನಿಯೋಗಿಸಬೇಕು. 2021ರ ತಿದ್ದುಪಡಿಯ ನಂತರ ದೊಡ್ಡ ಯೋಜನೆಗಳಿಗೆ ಪರಿಣಾಮ ಮೌಲ್ಯಮಾಪನವೂ ಕಡ್ಡಾಯವಾಗಿದೆ. ಆದರೆ ಪ್ರತಿಷ್ಠಾನ ವರದಿ ಒಪ್ಪಿಸುವುದು ಹಣ ಕೊಟ್ಟ ಕಂಪನಿಗೆ, ಕಂಪನಿ ತೋರಿಸುವುದು ತನ್ನ ಆಡಳಿತ ಮಂಡಳಿಗೆ ಮತ್ತು ಷೇರುದಾರರಿಗೆ. ಆ ಸರಪಳಿಯಲ್ಲಿ ಪೋಷಕರು ಎಲ್ಲಿಯೂ ಬರುವುದಿಲ್ಲ. ಸರ್ಕಾರದಿಂದ ಗಣನೀಯ ಹಣ ಪಡೆಯುವ ಸರ್ಕಾರೇತರ ಸಂಸ್ಥೆಗಳು ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಡಿಎವಿ ಕಾಲೇಜು ಟ್ರಸ್ಟ್ ಪ್ರಕರಣದಲ್ಲಿ ಹೇಳಿತು. ಖಾಸಗಿ ಹಣದಿಂದಲೇ ನಡೆದು ಸರ್ಕಾರಿ ಶಾಲೆಯೊಳಗೆ ಕೆಲಸ ಮಾಡುವ ಸಂಸ್ಥೆಗೆ ಈ ತೀರ್ಪು ಸುಲಭವಾಗಿ ತಾಗದು.

ಹಾಗಾಗಿ ಇಲಾಖೆಯೇ ಮುಂದಾಗಬೇಕು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಒಂದು ಸುತ್ತೋಲೆ ಸಾಕು. ಪ್ರತಿಷ್ಠಾನಗಳೊಂದಿಗೆ ಇಲಾಖೆ ಮಾಡಿಕೊಂಡ ಒಡಂಬಡಿಕೆಗಳು ಇಲಾಖೆಯದೇ ದಾಖಲೆಗಳಾದ್ದರಿಂದ, ಯಾರಾದರೂ ಅರ್ಜಿ ಹಾಕುವವರೆಗೆ ಕಾಯದೆ ಅವನ್ನು ಜಾಲತಾಣದಲ್ಲಿ ಪ್ರಕಟಿಸಬಹುದು. ಶಿಕ್ಷಣ ಹಕ್ಕು ಕಾಯ್ದೆಯಡಿ ಶಾಲಾ ಅಭಿವೃದ್ಧಿ ಯೋಜನೆ ರೂಪಿಸುವ ಕೆಲಸ ಶಾಲಾ ಸಮಿತಿಯದು. ದಾನಿಗಳ ಕೆಲಸ ಆ ಯೋಜನೆಯಿಂದಲೇ ಹೊರಡಲಿ. ಶೌಚಾಲಯಕ್ಕೆ ನೀರಿಲ್ಲದ ಶಾಲೆಗೆ ಟ್ಯಾಬ್ ಬಂದಿಳಿಯುವುದು ಆಗಲಾದರೂ ತಪ್ಪೀತು. ಪಂಚಾಯಿತಿಯ ಲೆಕ್ಕಪತ್ರಗಳನ್ನು ಜನರ ಮುಂದೆ ಓದುವ ಜಮಾಬಂದಿ ನಮ್ಮಲ್ಲಿ ಪ್ರತಿ ವರ್ಷ ನಡೆಯುತ್ತದೆ. ಊರಿನ ಶಾಲೆಯಲ್ಲಿ ಪ್ರತಿಷ್ಠಾನ ಮಾಡಿದ ಖರ್ಚಿನ ಪಟ್ಟಿಯನ್ನೂ ಅಲ್ಲಿಯೇ ಓದಿಸಲು ಅಡ್ಡಿಯೇನು?

ಸರ್ಕಾರ ತನ್ನ ಪಾಲಿನ ಜವಾಬ್ದಾರಿಯನ್ನೂ ಸ್ಪಷ್ಟಪಡಿಸಬೇಕು. ಶಾಲಾ ಮಕ್ಕಳಿಗೆ ವಾರದಲ್ಲಿ ಎರಡು ದಿನ ಕೊಡುತ್ತಿದ್ದ ಮೊಟ್ಟೆಯನ್ನು ಆರು ದಿನಕ್ಕೆ ವಿಸ್ತರಿಸಲು ಅಜೀಂ ಪ್ರೇಮ್‌ಜಿ ಫೌಂಡೇಷನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ನೀಡುವ ಒಪ್ಪಂದ 2024ರ ಜುಲೈನಲ್ಲಿ ಆಯಿತು. ಮೊತ್ತವನ್ನೂ ಅವಧಿಯನ್ನೂ ಬಹಿರಂಗವಾಗಿ ಪ್ರಕಟಿಸಿದ್ದರಿಂದಲೇ ಅದರ ಬಗ್ಗೆ ಪ್ರಶ್ನೆ ಕೇಳಲು ನಮಗೆ ಸಾಧ್ಯವಾಗಿದೆ. ಮೊಟ್ಟೆಯೊಂದಕ್ಕೆ ನಿಗದಿಯಾದದ್ದು 6 ರೂಪಾಯಿ. ಪೇಟೆಯ ದರ ಅದನ್ನು ಮೀರಿದಾಗ ವ್ಯತ್ಯಾಸವನ್ನು ಮುಖ್ಯ ಶಿಕ್ಷಕರು ಕೈಯಿಂದ ಹಾಕಬೇಕಾಗುತ್ತದೆ. ಈ ಕೊರತೆಯನ್ನು ತುಂಬಬೇಕಾದದ್ದು ಪ್ರತಿಷ್ಠಾನವೋ ಇಲಾಖೆಯೋ? ಮೂರು ವರ್ಷ ಮುಗಿದ ಮೇಲೆ ಉಳಿದ ನಾಲ್ಕು ದಿನಗಳ ಮೊಟ್ಟೆಗೆ ಹಣ ಯಾವ ಲೆಕ್ಕಶೀರ್ಷಿಕೆಯಿಂದ ಬರುತ್ತದೆ? ಒಪ್ಪಂದದ ಅವಧಿ ಮುಗಿಯುವ ಮೊದಲೇ ಬಜೆಟ್‌ನಲ್ಲಿ ಇದಕ್ಕೆ ಉತ್ತರ ಕೊಡಬೇಕೆಂದು ಆರ್ಥಿಕ ಹಾಗೂ ಶಾಲಾ ಶಿಕ್ಷಣ ಇಲಾಖೆಗಳನ್ನು ಒತ್ತಾಯಿಸುತ್ತೇನೆ.

— ಎಸ್‌ಡಿಎಂಸಿ ಮಾಜಿ ಸದಸ್ಯ, ತುಮಕೂರು ಜಿಲ್ಲೆ